ಬಣ್ಣ ಹಚ್ಚದ ನಾಲ್ಕು ನಿಮಿಷ

ಮಾರ್ಚ್ 9

ಪ್ರೀತಿಯ ಮಸಿಗೆ,

ಈ ವಾರ ಮೂರು ಕಾರ್ಟೂನ್ ಸಿನಿಮಾ ನೋಡಿದೆ. ಕಾರ್ಟೂನ್ ಅಂದರೆ ನಿನಗೆ ಸಿಟ್ಟು ಬರುತ್ತದೆ, ಅನಿಮೇಷನ್ ಅಂತಲೇ ಓದಿಕೋ. ಬಿಡುಗಡೆಗೆ ಎಷ್ಟೋ ಮುಂಚೆ ಪತ್ರಿಕೆಯವರನ್ನು ಕರೆದು ತೋರಿಸುತ್ತಾರಲ್ಲ, ಆ ಪ್ರದರ್ಶನಗಳು. ಸೋಮವಾರ ಒಂದು, ಬುಧವಾರ ಒಂದು, ಶುಕ್ರವಾರ ಒಂದು. ಮೂರೂ ಬೆಳಿಗ್ಗೆ ಹತ್ತೂವರೆಗೆ, ಅದೇ ಥಿಯೇಟರ್, ನಾಲ್ಕನೇ ಸಾಲಿನ ಅದೇ ತುದಿ ಸೀಟು. ಮೂವತ್ತೊಂದು ವರ್ಷ ಕೂತು ಕೂತು ಆ ಸೀಟಿನಲ್ಲಿ ನನ್ನ ಅಚ್ಚು ಬಿದ್ದಿರಬೇಕು. ಹೊರಗೆ ಬಂದಾಗ ಕಣ್ಣು ಉರಿಯುತ್ತದೆ, ಸೊಂಟ ಹಿಡಿದುಕೊಂಡಿರುತ್ತದೆ, ಅವರು ಕೊಟ್ಟ ಬಿಸ್ಕತ್ತು ಪೊಟ್ಟಣ ಜೇಬಿನಲ್ಲಿ ಪುಡಿಯಾಗಿರುತ್ತದೆ.

ನಮ್ಮ ಹೊಸ ಸಂಪಾದಕ ನಿನಗಿಂತ ಎರಡು ವರ್ಷ ಚಿಕ್ಕವನು. "ಮೂರನ್ನೂ ಒಟ್ಟಿಗೆ ಹೋಲಿಸಿ ಬರೀರಿ ಸಾರ್. ಯಾವ್ದು ಮೇಲೆ ಯಾವ್ದು ಕೆಳಗೆ ಅಂತ ಒಂದೇ ನೋಟಕ್ಕೆ ಗೊತ್ತಾಗ್ಬೇಕು" ಅಂದ. ಬರೆದೆ. ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ, ಓದುವುದು ಬಿಡುವುದು ನಿನ್ನಿಷ್ಟ.

ಮೊದಲನೆಯದು ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಆನೆಯ ಕಥೆ. ಆನೆಯ ಮೈಮೇಲಿನ ಸುಕ್ಕುಗಳನ್ನು ಒಂದೊಂದಾಗಿ ಎಣಿಸಬಹುದು, ಅಷ್ಟು ನಾಜೂಕು. ಆದರೆ ಆ ಆನೆಗೆ ಏನು ಬೇಕು ಅಂತ ಕೊನೆಯವರೆಗೂ ತಿಳಿಯುವುದಿಲ್ಲ. ಎರಡನೆಯದು ಕೆಲಸ ಕಳೆದುಕೊಂಡ ಮೋಡ. ಹತ್ತು ನಿಮಿಷಕ್ಕೊಂದು ಹಾಡು. ಪಕ್ಕದಲ್ಲಿ ಕೂತಿದ್ದ ರೇಡಿಯೋದವನು ಮೂರನೇ ಹಾಡಿಗೆ ಗೊರಕೆ ಶುರು ಮಾಡಿದ, ನನಗೆ ಹೊಟ್ಟೆಕಿಚ್ಚಾಯಿತು.

ಮೂರನೆಯದಕ್ಕೆ ಮಾತ್ರ ನಾನು ನೆಟ್ಟಗೆ ಕೂತೆ. ದೋಣಿ ನಡೆಸುವ ಹೆಂಗಸು, ಅವಳ ಮಗಳು. ಮಗಳನ್ನು ಆಚೆ ದಡಕ್ಕೆ ಕಳಿಸುವ ಹಿಂದಿನ ದಿನ ತಾಯಿ ಅವಳ ತಲೆ ತೊಳೆಯುತ್ತಾಳೆ. ಅಲ್ಲಿಯವರೆಗೆ ತುಂಬು ಬಣ್ಣದಲ್ಲಿದ್ದ ಸಿನಿಮಾ ಆ ದೃಶ್ಯ ಬಂದ ಕೂಡಲೇ ಬರೀ ಪೆನ್ಸಿಲ್ ಗೆರೆಯಾಗುತ್ತದೆ. ಬಿಳಿ ಹಾಳೆ, ಬೂದು ಗೆರೆ, ನೀರಿನ ಸದ್ದು. ನಾಲ್ಕು ನಿಮಿಷ. ಈ ಧೈರ್ಯ ಮಾಡಿದವರು ಯಾರೋ ಗೊತ್ತಿಲ್ಲ, ಮನಸ್ಸಿನಲ್ಲೇ ಬೆನ್ನು ತಟ್ಟಿದೆ. "ಈ ನಾಲ್ಕು ನಿಮಿಷಕ್ಕೆ ಬಣ್ಣ ಹಚ್ಚಲು ಯಾರಾದರೂ ಹೊರಟರೆ ಅವರ ಕೈ ಕಟ್ಟಿಹಾಕಬೇಕು" ಎಂದು ಬರೆದಿದ್ದೇನೆ. ಬಹಳ ದಿನದ ಮೇಲೆ ಬರೆದ ಸಾಲೊಂದು ನನಗೇ ಹಿಡಿಸಿತು.

ನೀನು ಯಾವ ಸಿನಿಮಾಕ್ಕೆ ದುಡಿಯುತ್ತಿದ್ದೀಯ ಅಂತ ಹೇಳುವ ಹಾಗಿಲ್ಲ, ಕರಾರಿಗೆ ಸಹಿ ಹಾಕಿದ್ದೀಯ, ಗೊತ್ತು. ಕೇಳುವುದಿಲ್ಲ. ಫೋನ್ ಕೂಡ ಮಾಡುವುದಿಲ್ಲ. ಮಾತಾಡಿದರೆ ಮೂರನೇ ನಿಮಿಷಕ್ಕೆ ಜಗಳ, ಆದ್ದರಿಂದ ಇನ್ನು ಮೇಲೆ ಬರೀ ಕಾಗದ ಅಂತ ನಿನ್ನಮ್ಮ ಹೋದ ಮೇಲೆ ನೀನೇ ಮಾಡಿದ ಕಾನೂನು. ಎರಡು ವರ್ಷದಿಂದ ಪಾಲಿಸುತ್ತಿದ್ದೇನೆ. ಸಾಕಾಗಿದೆ, ಆದರೂ ಪಾಲಿಸುತ್ತಿದ್ದೇನೆ.

ಇಂತಿ,
ಅಪ್ಪ


ಮಾರ್ಚ್ 19

ಅಪ್ಪ,

ಕಾಗದ ಬಂತು, ಲೇಖನ ಓದಿದೆ.

ಮೂರನೇ ಸಿನಿಮಾ ನೋಡಲು ಒಳಗೆ ಹೋಗುವಾಗ ಬಾಗಿಲಲ್ಲಿ ಒಂದು ಚೀಟಿ ಕೊಟ್ಟರಾ? ಕೊಟ್ಟಿದ್ದರೆ ಅದನ್ನು ಓದಿದೆಯಾ?

ಇಷ್ಟು ಕೇಳಬೇಕಿತ್ತು. ಕೆಲಸ ಬಹಳ ಇದೆ. ಬಿಪಿ ಮಾತ್ರೆ ತಪ್ಪಿಸಬೇಡ.

ಮಗಳು


ಮಾರ್ಚ್ 27

ಪ್ರೀತಿಯ ಮಸಿಗೆ,

ನೀನು ಕೇಳಿದ ಮೇಲೆ ಕೋಟಿನ ಜೇಬು ತಡಕಾಡಿದೆ. ಚೀಟಿ ಸಿಕ್ಕಿತು. ಬಿಸ್ಕತ್ತು ಪುಡಿ ಕೊಡವಿ ಓದಿದೆ. "ಈ ಪ್ರತಿ ಇನ್ನೂ ಪೂರ್ಣವಾಗಿಲ್ಲ. ಐವತ್ತೆರಡನೆಯ ನಿಮಿಷದಿಂದ ಐವತ್ತಾರನೆಯ ನಿಮಿಷದವರೆಗೆ ಬಣ್ಣದ ಕೆಲಸ ನಡೆಯುತ್ತಿದೆ. ದಯವಿಟ್ಟು ಆ ಭಾಗದ ಬಗ್ಗೆ ಬರೆಯಬೇಡಿ."

ಓದಿ ಒಂದು ಗಳಿಗೆ ಬೆವರಿದೆ, ಆಮೇಲೆ ನಗು ಬಂತು. ಅಂದು ಕನ್ನಡಕ ಬ್ಯಾಗಿನ ತಳದಲ್ಲಿತ್ತು, ತೆಗೆಯಲು ಬೇಜಾರು. ಮೂವತ್ತೊಂದು ವರ್ಷದಲ್ಲಿ ಅವರು ಕೊಟ್ಟ ಚೀಟಿಗಳನ್ನೆಲ್ಲ ಓದಿದ್ದರೆ ನನಗೆ ಸಿನಿಮಾ ನೋಡಲು ಪುರುಸೊತ್ತೇ ಇರುತ್ತಿರಲಿಲ್ಲ. ತಮಾಷೆ ಕೇಳು. ನನ್ನ ಲೇಖನ ಬಂದ ವಾರ ಇನ್ನಿಬ್ಬರು ವಿಮರ್ಶಕರು ಆ ಪೆನ್ಸಿಲ್ ದೃಶ್ಯವನ್ನು ಹೊಗಳಿದ್ದಾರೆ. ಒಬ್ಬ "ಮೌನದ ಬಣ್ಣ" ಎಂದಿದ್ದಾನೆ. ಇನ್ನೊಬ್ಬಳು ಆವತ್ತು ಥಿಯೇಟರಿಗೇ ಬಂದಿರಲಿಲ್ಲ. ಹತ್ತೊಂಬತ್ತು ಓದುಗರು ಪತ್ರ ಬರೆದಿದ್ದಾರೆ. ಸಂಪಾದಕನಿಗೆ ಖುಷಿಯೋ ಖುಷಿ.

ಯಾರಿಗೂ ನಷ್ಟವಿಲ್ಲ ಬಿಡು. ಬಣ್ಣ ಹಚ್ಚಿ ಮುಗಿಸಿದ ಮೇಲೆ ಇನ್ನೊಮ್ಮೆ ನೋಡಿ, ಇದೂ ಚೆನ್ನಾಗಿದೆ ಅಂತ ಬರೆದರಾಯಿತು.

ಅದಿರಲಿ, ಚೀಟಿಯ ವಿಷಯ ನಿನಗೆ ಹೇಗೆ ಗೊತ್ತು?

ಇಂತಿ,
ಅಪ್ಪ


ಮೇ 2

ಅಪ್ಪ,

ಬರೆಯಲು ಇಷ್ಟು ದಿನ ಬೇಕಾಯಿತು. ನಾಲ್ಕು ಸಲ ಶುರು ಮಾಡಿ ಹರಿದು ಹಾಕಿದೆ. ಕರಾರಿಗೆ ಹಾಕಿದ ಸಹಿ ಹಾಳಾಗಿ ಹೋಗಲಿ, ಹೇಳಿಬಿಡುತ್ತೇನೆ. ಆ ನಾಲ್ಕು ನಿಮಿಷ ನನ್ನದು.

ಗೆರೆ ನನ್ನದಲ್ಲ, ಗೆರೆ ಎಳೆದವರು ಬೇರೆ. ಅದಕ್ಕೆ ಬಣ್ಣ ಮತ್ತು ಬೆಳಕು ಕೂಡಿಸುವ ಕೆಲಸ ನನ್ನದು. ಐದು ಸಾವಿರದ ಏಳುನೂರ ಅರವತ್ತು ಚಿತ್ರಗಳು, ಹದಿನಾಲ್ಕು ತಿಂಗಳು. ನಾನು ಈ ಕೆಲಸಕ್ಕೆ ಸೇರಿದ ದಿನ ನೀನು ಏನಂದೆ ಗೊತ್ತಾ? "ಗೆರೆ ಎಳೆಯೋನು ಕಲಾವಿದ. ಬಣ್ಣ ತುಂಬೋದೇನು, ಮಕ್ಕಳೂ ತುಂಬ್ತಾರೆ" ಅಂದೆ. ಅಮ್ಮ ನಿನ್ನ ಕಡೆ ಒಂದು ನೋಟ ನೋಡಿದಳು. ನೀನು ಪೇಪರಿನಿಂದ ತಲೆ ಎತ್ತಲಿಲ್ಲ.

ನಿನ್ನ ಲೇಖನ ಬಂದ ದಿನ ನಿರ್ದೇಶಕರು ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಸೇರಿಸಿ ಅದನ್ನು ಜೋರಾಗಿ ಓದಿದರು. ಕೈ ಕಟ್ಟಿಹಾಕಬೇಕು ಅನ್ನುವ ಸಾಲು ಬಂದಾಗ ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ಬರೆದವನು ನನ್ನ ಅಪ್ಪ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಮರುದಿನ ಬೇರೆ ಎರಡು ಲೇಖನ ಬಂದವು. ಮೂರನೇ ದಿನ ನಿರ್ದೇಶಕರು ನನ್ನ ಮೇಜಿನ ಹತ್ತಿರ ಬಂದು, "ನಾವು ನೋಡದೇ ಇದ್ದಿದ್ದನ್ನ ಅವರು ನೋಡಿದಾರೆ. ಪೆನ್ಸಿಲ್ಲಲ್ಲೇ ಬಿಟ್ಟುಬಿಡೋಣ. ಬೇಜಾರು ಮಾಡ್ಕೋಬೇಡ" ಅಂದರು. ಕೆಟ್ಟ ಮನುಷ್ಯರೇನಲ್ಲ. ಎರಡು ಸಲ ಬೇಜಾರು ಮಾಡಿಕೊಳ್ಳಬೇಡ ಅಂದರು. ಇನ್ನು ಮೂರು ವಾರದ ಕೆಲಸ ಉಳಿದಿತ್ತು, ಅಷ್ಟೇ.

ಆ ದೃಶ್ಯಕ್ಕೆ ಯಾವ ಬಣ್ಣ ಹಚ್ಚಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೇ ಬಿಟ್ಟಿದ್ದರು. ನಾನು ನಮ್ಮ ಹಳೇ ಬಾಡಿಗೆ ಮನೆಯ ಬಚ್ಚಲನ್ನು ತಂದಿಟ್ಟೆ. ನನ್ನದು ಮಧ್ಯಾಹ್ನದ ಪಾಳಿಯ ಶಾಲೆ, ಬೆಳಿಗ್ಗೆ ಹೊತ್ತು ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಹನ್ನೊಂದರ ಸುಮಾರಿಗೆ ಅವಳು ನನ್ನನ್ನು ಸಣ್ಣ ಸ್ಟೂಲಿನ ಮೇಲೆ ಕೂರಿಸಿ ತಲೆ ತೊಳೆಯುತ್ತಿದ್ದಳು. ಮೈಗೆಲ್ಲ ಅಂಟಿದ ಇಂಕು ಉಜ್ಜಿ ಉಜ್ಜಿ ತೆಗೆಯುತ್ತಾ ಮಸಿ ಅಂತ ಹೆಸರಿಟ್ಟವಳೂ ಅವಳೇ. ನೀನು ಆಮೇಲೆ ಕಲಿತೆ. ಆ ಹೊತ್ತಿನಲ್ಲಿ ನೀನು ಮನೆಯಲ್ಲಿ ಇದ್ದದ್ದು ನನಗೆ ಒಂದು ದಿನವೂ ನೆನಪಿಲ್ಲ. ತಪ್ಪು ಅನ್ನುತ್ತಿಲ್ಲ, ನಿನ್ನ ಕೆಲಸ ಅದು. ಆದರೆ ಈ ಸಿನಿಮಾ ನೀನು ನೋಡಿಯೇ ನೋಡುತ್ತೀಯ, ನೋಡದೆ ಇರಲು ಆಗುವುದಿಲ್ಲ, ನಿನ್ನ ಹೊಟ್ಟೆಪಾಡು. ನಾಲ್ಕು ನಿಮಿಷ ನೀನು ಬಾಯಿ ಮುಚ್ಚಿಕೊಂಡು ನಮ್ಮ ಜೊತೆ ಆ ಬಚ್ಚಲಲ್ಲಿ ಇರಬೇಕು ಅಂತ ನನಗೆ ಆಸೆ ಇತ್ತು. ಹದಿನಾಲ್ಕು ತಿಂಗಳು ಅದಕ್ಕೇ ಹಚ್ಚಿದೆ.

ಏನು ಹಚ್ಚಿದ್ದೆ, ಹೇಗೆ ಹಚ್ಚಿದ್ದೆ ಅಂತ ಬರೆಯುವುದಿಲ್ಲ. ಅದು ಹೇಳುವಂಥದ್ದಾಗಿದ್ದರೆ ಹೇಳಿಬಿಡುತ್ತಿದ್ದೆ, ಹಚ್ಚುತ್ತಿರಲಿಲ್ಲ.

ನನಗೆ ಸಿಟ್ಟಿದೆ. ಸಿಟ್ಟಿಗಿಂತ ಸುಸ್ತು ಹೆಚ್ಚಿದೆ. ಸ್ವಲ್ಪ ದಿನ ಬರೆಯಬೇಡ.

ಮಗಳು


ಮೇ 11

ಮಸಿ,

ಬರೆಯಬೇಡ ಅಂದೆ. ಇದೊಂದು ಬರೆಯುತ್ತೇನೆ.

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ಮೂರನೇ ಮಹಡಿಗೆ ಹತ್ತದೆ ಎರಡನೇ ಮಹಡಿಯ ತಿರುವಿನಲ್ಲಿ ಕೂತುಬಿಟ್ಟೆ. ಕೆಳಮನೆಯ ದರ್ಜಿ ನೀರು ತಂದುಕೊಟ್ಟ. "ಯಾರಿಗೇನಾಯ್ತು ಸಾರ್?" ಅಂತ ಕೇಳಿದ. ಯಾರಿಗೂ ಏನೂ ಆಗಿಲ್ಲ, ನಾನೊಂದು ಚೀಟಿ ಓದಲಿಲ್ಲ ಅಂದೆ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

ತಿದ್ದುಪಡಿ ಬರೆದು ಸಂಪಾದಕನ ಮುಂದಿಟ್ಟೆ. ದೃಶ್ಯ ಅಪೂರ್ಣವಾಗಿತ್ತು, ವಿಮರ್ಶಕ ಸೂಚನೆಯನ್ನು ಓದಿರಲಿಲ್ಲ, ಹೊಗಳಿಕೆಯನ್ನು ಹಿಂತೆಗೆದುಕೊಳ್ಳುತ್ತಾನೆ, ಬಣ್ಣದ ಕೆಲಸ ಮುಗಿಯಲಿ ಎಂದು ಕೋರುತ್ತಾನೆ. ಅವನು ಓದಿ ಕನ್ನಡಕ ತೆಗೆದ. "ಸಾರ್, ಎರಡು ತಿಂಗಳಾಯ್ತು. ಈಗ ಹೋಗಿ ನಮ್ಮ ವಿಮರ್ಶಕರಿಗೆ ಕಣ್ಣು ಕಾಣಲ್ಲ ಅಂತ ನಾವೇ ಬರೀಬೇಕಾ?" ಅಂದ. ಹೌದು, ಬರೀಬೇಕು ಅಂದೆ. ನೋಡೋಣ ಅಂದ. ಅವನ ನೋಡೋಣ ಎಂಥದ್ದು ಅಂತ ನಮ್ಮ ಕಚೇರಿಗೆಲ್ಲ ಗೊತ್ತು.

ನಿಮ್ಮ ನಿರ್ದೇಶಕರಿಗೆ ನೇರವಾಗಿ ಒಂದು ಕಾಗದ ಹಾಕಿದ್ದೇನೆ. ನಿನ್ನ ಅಪ್ಪ ಅಂತ ಹೇಳಿಕೊಂಡಿಲ್ಲ, ಹೆದರಬೇಡ. ತಪ್ಪಾಯಿತು, ನನ್ನ ಮಾತು ಕೇಳಿ ಸಿನಿಮಾ ಬದಲಾಯಿಸಬೇಡಿ ಅಂತಷ್ಟೇ ಬರೆದೆ. ನನ್ನ ಮಾತು ಕೇಳಿ ಒಬ್ಬರಾದರೂ ಸಿನಿಮಾ ಬದಲಾಯಿಸಲಿ ಅಂತ ಮೂವತ್ತೊಂದು ವರ್ಷ ಕಾದವನು ನಾನು.

ಮಕ್ಕಳೂ ಬಣ್ಣ ತುಂಬುತ್ತಾರೆ ಅಂದದ್ದು ನನಗೆ ನೆನಪಿಲ್ಲ. ಅಂದಿರುತ್ತೇನೆ. ನಾನು ಅನ್ನುವಂಥ ಮಾತೇ ಅದು.

ಅಪ್ಪ


ಜೂನ್ 20

ಮಸಿ,

ನಿನ್ನಿಂದ ಸುದ್ದಿಯಿಲ್ಲ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ತಿದ್ದುಪಡಿ ಅಚ್ಚಾಯಿತು. ಏಳು ಸಲ ಬೆನ್ನು ಬಿದ್ದ ಮೇಲೆ, ಹನ್ನೊಂದನೇ ಪುಟದಲ್ಲಿ, ಪದಬಂಧದ ಉತ್ತರಗಳ ಕೆಳಗೆ, ಮೂರು ಸಾಲು. ಭೂತಗನ್ನಡಿ ಇದ್ದವರು ಓದಿಕೊಂಡಿರಬಹುದು. ಆ ದಿನದ ಪದಬಂಧದ ಉತ್ತರವೇ ತಪ್ಪಿತ್ತಂತೆ, ಅದಕ್ಕೆ ಮಾತ್ರ ನಲವತ್ತು ಜನ ಫೋನ್ ಮಾಡಿದರು.

ನಿರ್ದೇಶಕರ ಉತ್ತರವೂ ಬಂತು. ಬಹಳ ಮರ್ಯಾದೆಯ ಕಾಗದ. "ತಮ್ಮ ವಿನಯ ದೊಡ್ಡದು. ತಪ್ಪಿ ಕಂಡಿದ್ದರೂ ತಾವು ಕಂಡದ್ದು ನಿಜ. ತಮ್ಮ ಸಾಲನ್ನು ಪೋಸ್ಟರಿನ ಮೇಲೆ ಹಾಕುತ್ತಿದ್ದೇವೆ" ಎಂದಿದ್ದಾರೆ. ಬೇಡ ಅಂತ ಮತ್ತೆ ಬರೆದೆ. ಅದಕ್ಕೂ ಧನ್ಯವಾದ ಬಂತು.

ಮುಂದಿನ ವಾರ ಮತ್ತೆರಡು ಅನಿಮೇಷನ್ ಸಿನಿಮಾ ಇದೆಯಂತೆ. ನನಗೆ ಬೇಡ, ಬೇರೆ ಯಾರಿಗಾದರೂ ಕೊಡು ಅಂತ ಸಂಪಾದಕನಿಗೆ ಹೇಳಿದೆ. "ಹುಷಾರಿಲ್ವಾ ಸಾರ್?" ಅಂತ ಕೇಳಿದ. ಇಲ್ಲ ಅಂದೆ.

ಅಪ್ಪ


ಆಗಸ್ಟ್ 30

ಅಪ್ಪ,

ಸಿನಿಮಾ ಬಿಡುಗಡೆಯಾಗಿದೆ, ನೋಡಿರುತ್ತೀಯ. ನಮ್ಮ ಸ್ಟುಡಿಯೋದ ಎದುರಿನ ಗೋಡೆಯ ಮೇಲೆ ನಿನ್ನ ಸಾಲು ನನಗಿಂತ ಎತ್ತರದ ಅಕ್ಷರದಲ್ಲಿದೆ. ದಿನಾ ಅದರ ಕೆಳಗೆ ಹಾದು ಕೆಲಸಕ್ಕೆ ಹೋಗುತ್ತೇನೆ. ಈಗ ಅಭ್ಯಾಸವಾಗಿದೆ.

ನಾನು ಟಿಕೆಟ್ ತೆಗೆದುಕೊಂಡು ಜನರ ಜೊತೆ ಕೂತು ನೋಡಿದೆ. ಆ ದೃಶ್ಯ ಬಂದಾಗ ಎದ್ದು ಹೊರಗೆ ಹೋಗಿಬಿಡೋಣ ಅಂತ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದೆ. ಹೋಗಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು, ನಮ್ಮ ಅಮ್ಮನ ವಯಸ್ಸಿನವಳು, ಪಕ್ಕದಲ್ಲಿದ್ದ ಗಂಡನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲೆಲ್ಲೋ ಮೂಗು ಒರೆಸಿಕೊಳ್ಳುವ ಸದ್ದು. ಆಟದುದ್ದಕ್ಕೂ ಗಲಾಟೆ ಮಾಡುತ್ತಿದ್ದ ಮಕ್ಕಳು ಕೂಡ ಸುಮ್ಮನಾದರು. ಕೊನೆಗೆ ನನಗೂ ಅಳು ಬಂತು. ಆ ಅಳು ನನ್ನ ಕೆಲಸ ಹೋಯಿತು ಅಂತ ಬಂದದ್ದೋ, ದೃಶ್ಯ ನೋಡಿ ಬಂದದ್ದೋ ಗೊತ್ತಿಲ್ಲ. ಅದನ್ನೇ ಒಂದು ವಾರದಿಂದ ಯೋಚಿಸುತ್ತಿದ್ದೇನೆ.

ಅಪ್ಪ, ದೃಶ್ಯ ಚೆನ್ನಾಗಿದೆ. ಬಣ್ಣವಿಲ್ಲದೆಯೂ ಚೆನ್ನಾಗಿದೆ. ಚೆನ್ನಾಗಿಲ್ಲದೆ ಹೋಗಿದ್ದರೆ ನಿನ್ನ ಮೇಲೆ ಹಾಯಾಗಿ ಸಿಟ್ಟು ಮಾಡಿಕೊಂಡು ಇದ್ದುಬಿಡುತ್ತಿದ್ದೆ.

ಒಂದು ವಿಷಯ. ಸಿನಿಮಾಕ್ಕೆ ಬಳಸದೆ ಬಿಟ್ಟ ಭಾಗಗಳನ್ನೆಲ್ಲ ಮುಂದಿನ ತಿಂಗಳು ಅಳಿಸಿಹಾಕುತ್ತಾರೆ, ಇಟ್ಟುಕೊಳ್ಳಲು ಜಾಗವಿಲ್ಲವಂತೆ. ಮನೆಗೆ ಒಯ್ಯುವ ಹಾಗಿಲ್ಲ. ಅಳಿಸುವ ಮುಂಚೆ, ಅವನ್ನು ಮಾಡಿದವರಿಗೆ ಒಂದು ಸಲ ಸ್ಟುಡಿಯೋದ ಚಿಕ್ಕ ಕೋಣೆಯಲ್ಲಿ ತೋರಿಸುತ್ತಾರೆ. ಜೊತೆಗೆ ಒಬ್ಬರನ್ನು ಕರೆತರಬಹುದು. ಸೆಪ್ಟೆಂಬರ್ ಹದಿನಾರು, ಮಂಗಳವಾರ, ಬೆಳಿಗ್ಗೆ ಹನ್ನೊಂದು.

ಬರುವುದಾದರೆ ಬಾ. ನೋಟ್ ಪುಸ್ತಕ ತರಬೇಡ. ಎರಡನ್ನೂ ಹೋಲಿಸಿ ಯಾವುದು ಮೇಲು ಅಂತ ಆಮೇಲೆ ನನಗೆ ಹೇಳು. ಅಪ್ಪನ ಹಾಗೆ ಹೇಳಬೇಡ, ಓದುಗರಿಗೆ ಹೇಳುವ ಹಾಗೆ ಹೇಳು. ಸುಳ್ಳು ಹೇಳಿದರೆ ನಾನು ಮೊದಲ ಸಾಲಿಗೇ ಕಂಡುಹಿಡಿಯುತ್ತೇನೆ, ನಿನ್ನ ಲೇಖನ ಓದಿಕೊಂಡೇ ಬೆಳೆದವಳು ನಾನು.

ಕನ್ನಡಕ ಜೇಬಿನಲ್ಲೇ ಇರಲಿ.

ಮಗಳು


ಸೆಪ್ಟೆಂಬರ್ 18

ಪ್ರೀತಿಯ ಮಸಿಗೆ,

ದೀಪ ಹಾಕಿದ ಮೇಲೆ ನಾನು ಏನೂ ಹೇಳದೆ ಎದ್ದು ಬಂದುಬಿಟ್ಟೆ. ನೀನು ಬಾಗಿಲವರೆಗೆ ಬಂದೆ, ಕಾಫಿ ಕುಡಿದು ಹೋಗು ಅಂದೆ, ನಾನು ಬಸ್ಸು ತಪ್ಪುತ್ತದೆ ಅಂದೆ. ಬಸ್ಸು ಇದ್ದದ್ದು ಎರಡು ಗಂಟೆಗೆ. ನಿಲ್ದಾಣದ ಬೆಂಚಿನ ಮೇಲೆ ಅಲ್ಲಿಯವರೆಗೆ ಸುಮ್ಮನೆ ಕೂತಿದ್ದೆ. ಕ್ಷಮಿಸು. ಆಗ ಬಾಯಿ ತೆರೆದಿದ್ದರೆ ಏನು ಬರುತ್ತಿತ್ತೋ ನನಗೇ ಗೊತ್ತಿರಲಿಲ್ಲ.

ನೀನು ಕೇಳಿದ ಪ್ರಶ್ನೆಗೆ ಮೊದಲು ಉತ್ತರ. ಪೆನ್ಸಿಲ್ಲಿನದ್ದೇ ಮೇಲು. ಎರಡು ದಿನ ಇದನ್ನು ಬೇರೆ ಥರ ಬರೆಯಲು ಒದ್ದಾಡಿದೆ, ಆಗಲಿಲ್ಲ. ಗೆರೆ ಮಾತ್ರ ಇರುವಾಗ ನೋಡುವವರು ಆ ಖಾಲಿ ಜಾಗದಲ್ಲಿ ತಮ್ಮ ತಮ್ಮ ತಾಯಿಯನ್ನು ಕೂರಿಸಿಕೊಳ್ಳುತ್ತಾರೆ. ನಿನ್ನ ಮುಂದಿನ ಸಾಲಿನ ಹೆಂಗಸು ಅವಳ ತಾಯಿಯನ್ನು ಕೂರಿಸಿಕೊಂಡಳು. ಮಾರ್ಚಿನಲ್ಲಿ ನಾನು ನನ್ನ ತಾಯಿಯನ್ನು ಕೂರಿಸಿಕೊಂಡಿದ್ದೆ, ಅದಕ್ಕೇ ನೆಟ್ಟಗೆ ಕೂತದ್ದು. ಬಣ್ಣ ಬಂದರೆ ಆ ಜಾಗ ತುಂಬಿಹೋಗುತ್ತದೆ. ಸಿನಿಮಾ ಎಲ್ಲರದು, ಆದ್ದರಿಂದ ಆ ದೃಶ್ಯ ಖಾಲಿ ಇರುವುದೇ ಸರಿ. ಓದುಗರಿಗಾದರೆ ಇಷ್ಟು ಬರೆದು ನಿಲ್ಲಿಸುತ್ತಿದ್ದೆ.

ನಿನ್ನ ಬಣ್ಣದಲ್ಲಿ ಒಬ್ಬಳೇ ಇದ್ದಾಳೆ. ಅವಳು ದೋಣಿಯವಳಲ್ಲ. ಮುಖ ಬೇರೆ, ಸೀಳು ಗಲ್ಲ, ನಿನ್ನಮ್ಮನಿಗಿಂತ ಎತ್ತರ, ಎಲ್ಲ ಸರಿ. ಆದರೆ ಮೊಣಕೈಯವರೆಗೆ ಒದ್ದೆಯಾದ ಆ ತೋಳಿಗೆ ನೀನು ಹಚ್ಚಿದ ಬಣ್ಣ ನಿನ್ನಮ್ಮನದು. ಕೆನ್ನೆಯ ಪಕ್ಕ ಅಂಟಿಕೊಂಡ ಎರಡು ಎಳೆ ಕೂದಲು ನಿನ್ನಮ್ಮನದು. ಮಕ್ಕಳೂ ತುಂಬುತ್ತಾರೆ ಅಂದವನು ನಾನು. ಮಕ್ಕಳು ಇದನ್ನು ತುಂಬಲಾರರು. ನಾನು ಕಂಡ ಮೂರು ಸಾವಿರ ಸಿನಿಮಾದಲ್ಲಿ ಯಾರೂ ತುಂಬಿದ್ದನ್ನು ನೋಡಿಲ್ಲ. ಕೊನೆಯ ಇಪ್ಪತ್ತು ಸೆಕೆಂಡಿಗೆ ಬಣ್ಣ ಮುಗಿದು ಮತ್ತೆ ಗೆರೆ ಬಂದಾಗ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಆ ಇಪ್ಪತ್ತು ಸೆಕೆಂಡು ನನ್ನಿಂದಾಗಿ ಬಣ್ಣ ಕಾಣದೆ ಉಳಿದದ್ದು. ಅದಕ್ಕೆ ತಪ್ಪಾಯಿತು ಅನ್ನುವುದು ಬಹಳ ಸಣ್ಣದಾಗುತ್ತದೆ.

ಇನ್ನೊಂದು ಹೇಳಬೇಕು. ಅದನ್ನು ಹೇಳಲಾಗದೆಯೇ ಬಸ್ಸಿನ ನೆಪ ಹೇಳಿ ಬಂದದ್ದು. ಆ ಬಾಡಿಗೆ ಮನೆಯಲ್ಲಿ ಹದಿನೆಂಟು ವರ್ಷ ಇದ್ದೆವು. ನಾನು ಬೆಳಿಗ್ಗೆ ಆರಕ್ಕೆ ಬಲ್ಬು ಹಾಕಿಕೊಂಡು ಸ್ನಾನ ಮಾಡಿ ಹೊರಡುತ್ತಿದ್ದೆ, ಭಾನುವಾರ ಪುರವಣಿಯ ಕೆಲಸಕ್ಕೆ ಇನ್ನೂ ಬೇಗ. ಬಚ್ಚಲಲ್ಲಿ ಬೆಳಕೇ ಇಲ್ಲ, ಗುಹೆ ಇದ್ದ ಹಾಗಿದೆ, ಒಂದು ಕಿಟಕಿ ದೊಡ್ಡದು ಮಾಡಿಸಿಕೊಡಿ ಅಂತ ಮನೆ ಮಾಲೀಕನ ಹತ್ತಿರ ವರ್ಷಕ್ಕೊಂದು ಸಲ ಜಗಳ ಮಾಡುತ್ತಿದ್ದೆ. ನಿನ್ನಮ್ಮ ಪಕ್ಕದಲ್ಲೇ ನಿಂತಿರುತ್ತಿದ್ದಳು. ಒಂದು ಸಲವೂ ತುಟಿ ಪಿಟಕ್ಕೆನ್ನಲಿಲ್ಲ.

ಮಂಗಳವಾರ ನಿನ್ನ ಚಿತ್ರದಲ್ಲಿ ಆ ಗೋಡೆ ನೋಡಿದೆ. ಬೆಳಕು ಮೇಲಿನ ಸಣ್ಣ ಕಿಟಕಿಯಿಂದ ಇಳಿದು, ಗೋಡೆಯ ಅರ್ಧಕ್ಕೆ ಹರಡಿ, ನೀರಿನ ಬಕೆಟ್ಟಿನೊಳಕ್ಕೆ ಬಿದ್ದು, ಅಲ್ಲಿಂದ ನಿಮ್ಮಿಬ್ಬರ ಮುಖಕ್ಕೂ ಹೊಡೆಯುತ್ತಿತ್ತು. ಹನ್ನೊಂದು ಗಂಟೆಗೆ ಆ ಬಚ್ಚಲಿಗೆ ಅಷ್ಟೊಂದು ಬಿಸಿಲು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಮಗಳೇ.

ಅಪ್ಪ